ಅರವತ್ತು ನಂಬರಿನ ತಂಗೂಸಿ

ನಮ್ಮ ಭಾವನವರು, ಅಂದರೆ ಯಜಮಾನರ ಅಣ್ಣ, ನಡುಮನೆಯಲ್ಲಿ ಶೋಕೇಸು ಮಾಡಿಸಿದ ವರ್ಷವೇ ನನ್ನ ಯುಕುಲೇಲೆಯ ತಂತಿಗಳು ಒಂದೊಂದಾಗಿ ಕಿತ್ತುಹೋದವು. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ಸಂಬಂಧ ಕಟ್ಟಿದವರು ಭಾವನವರೇ.

ತೊಂಬತ್ತರ ದಶಕದ ನಡುವಿನ ಮಾತು. ಆಗ ಪಾಂಡವಪುರದಲ್ಲಿ ಯಾರ ಮನೆಗೆ ಹೋದರೂ ಗೋಡೆಯಲ್ಲೊಂದು ಗಾಜಿನ ಬೀರು ಕಾಣುತ್ತಿತ್ತು. ಒಳಗೊಂದು ಟ್ಯೂಬ್‌ಲೈಟು, ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು, ಹುಟ್ಟಿದಾಗಿನಿಂದ ಟೀ ಕಾಣದ ಟೀ ಸೆಟ್ಟು, ಹೊಟ್ಟೆಯೊಳಗೆ ಬಲ್ಬು ಉರಿಯುವ ತಾಜಮಹಲು. ಭಾವನವರು ನಮ್ಮ ಶೋಕೇಸಿಗೆ ಒಂಬತ್ತು ಗೂಡು ಮಾಡಿಸಿದರು. ಎಂಟು ಗೂಡು ಒಂದೇ ವಾರದಲ್ಲಿ ತುಂಬಿದವು. ಹಗ್ಗಜಗ್ಗಾಟದಲ್ಲಿ ಗೆದ್ದ ಕಪ್ಪು ಒಂದರಲ್ಲಿ, ಕುತ್ತಿಗೆ ಅಲ್ಲಾಡಿಸುವ ಗೊಂಬೆ ಇನ್ನೊಂದರಲ್ಲಿ, ಟೇಪ್ ರೆಕಾರ್ಡರಿನ ಖಾಲಿ ಥರ್ಮೋಕೋಲ್ ಡಬ್ಬಿ ಮತ್ತೊಂದರಲ್ಲಿ. ನಾನು ಸುಳ್ಳು ಹೇಳುತ್ತಿಲ್ಲ, ಡಬ್ಬಿಯನ್ನೇ ಇಟ್ಟಿದ್ದರು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ನಟ್ಟನಡುವಿನ ಉದ್ದನೆಯ ಗೂಡು ಮಾತ್ರ ಖಾಲಿ ಉಳಿಯಿತು. ಅದಕ್ಕೆ ನನ್ನ ಯುಕುಲೇಲೆ ಅಳತೆ ಕೊಟ್ಟು ಮಾಡಿಸಿದಂತೆ ಹೊಂದುತ್ತದೆ ಎಂದು ಅವರಿಗೆ ಹೊಳೆದದ್ದು ಮೂರನೆಯ ತಂತಿ ಕಿತ್ತ ದಿನ.

"ಸಬ್ದನೇ ಬರ್ದಿದ್ಮೇಲೆ ಟ್ರಂಕಲ್ಲಿ ಮಡಿಕ್ಕಂಡು ಏನ್ ಪೂಜೆ ಮಾಡಿಯವ್ವ? ಸೋಕೇಸ್ಗೆ ಕೊಟ್ಬುಡು. ಬಂದೋರು ನೋಡ್ಕಳ್ಳಿ. ಈ ಮನೇಲಿ ಕಾನ್ವೆಂಟಲ್ಲಿ ಓದಿರೋ ಸೊಸೆ ಅವ್ಳೆ ಅಂತ ಗೊತ್ತಾಯ್ತದೆ" ಎಂದರು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಓದಿಗೆ ಸಿಕ್ಕಿದ ಮರ್ಯಾದೆ ಅದು. ದ್ರಾಕ್ಷಿ ಗೊಂಚಲಿಗೂ ಥರ್ಮೋಕೋಲ್ ಡಬ್ಬಿಗೂ ನಡುವೆ ಒಂದು ಗೂಡು.

ಯುಕುಲೇಲೆ ನೋಡದವರಿಗಾಗಿ ಹೇಳುತ್ತೇನೆ: ಗಿಟಾರಿನದೇ ಆಕಾರ, ಮೊಳದ ಮೇಲೆ ನಾಲ್ಕು ಬೆರಳಷ್ಟು ಉದ್ದ, ನಾಲ್ಕು ನೈಲಾನ್ ತಂತಿ. ನಾನು ಕೆ.ಆರ್. ಪೇಟೆಯ ಹುಡುಗಿ. ತಂದೆ ತಾಲ್ಲೂಕು ಕಚೇರಿಯಲ್ಲಿದ್ದರು, ನನ್ನನ್ನು ಮೈಸೂರಿನ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿ ನಮಗೆ ಹೊಲಿಗೆಯನ್ನೂ ಹಾಡನ್ನೂ ಹೇಳಿಕೊಡುತ್ತಿದ್ದ ಮುದುಕಿ ಸಿಸ್ಟರ್, ಹತ್ತನೆಯ ತರಗತಿ ಮುಗಿದು ನಾನು ಹೊರಟಾಗ, ತಮ್ಮ ಯುಕುಲೇಲೆಯನ್ನು ದಿಂಬಿನ ಕವರಿನಲ್ಲಿ ಸುತ್ತಿ ನನ್ನ ಟ್ರಂಕಿಗೆ ಇಟ್ಟರು. ಅದು ಅವರಿಗೆ ಹಡಗಿನಲ್ಲಿ ಬಂದದ್ದಂತೆ. ಆ ಹಡಗನ್ನು ನಾನು ಎಷ್ಟು ವರ್ಷ ಹೆಮ್ಮೆಯಿಂದ ಹೊತ್ತುಕೊಂಡು ತಿರುಗಿದೆನೆಂದು ಈಗ ನೆನೆದರೆ ನನಗೇ ನನ್ನ ಮೇಲೆ ತಾತ್ಸಾರ ಬರುತ್ತದೆ. ಆ ಮಾತು ಆಮೇಲೆ.

ಈ ವಾದ್ಯದ್ದೊಂದು ವಿಚಿತ್ರವಿದೆ, ಅದನ್ನು ಮಾತ್ರ ಈಗಲೇ ಹೇಳಬೇಕು. ಎದೆಗೆ ಆನಿಸಿ ಹಿಡಿದಾಗ ಗಲ್ಲದ ಕಡೆಗೆ ಬರುವುದು ನಾಲ್ಕನೆಯ ತಂತಿ, ನೆಲದ ಕಡೆಗೆ ಬರುವುದು ಮೊದಲನೆಯದು. ಗಿಟಾರಿನಲ್ಲಾದರೆ ಗಲ್ಲದ ಕಡೆಯ ತಂತಿ ದಪ್ಪಗಿದ್ದು ಮಂದ್ರದಲ್ಲಿ ನುಡಿಯುತ್ತದೆ. ಯುಕುಲೇಲೆಯಲ್ಲಿ ಅದು ತೆಳ್ಳಗಿದ್ದು ಮೇಲಿನ ಪಂಚಮದಲ್ಲಿ ನುಡಿಯುತ್ತದೆ. ಪ, ಸ, ಗ, ದ: ಮೊದಲು ಮೇಲೆ, ಆಮೇಲೆ ಕೆಳಗಿಳಿದು ಮತ್ತೆ ಹತ್ತುತ್ತದೆ. ನಗುವಿನ ಹಾಗೆ ಕೇಳಿಸುವುದು ಆ ಕಾರಣಕ್ಕೇ.

ದಿನಾ ನಾಲ್ಕರಿಂದ ನಾಲ್ಕೂವರೆಯವರೆಗೆ ನಾನು ಅದನ್ನು ನುಡಿಸುತ್ತಿದ್ದೆ. ಮಧ್ಯಾಹ್ನದ ಪಾತ್ರೆ ತೊಳೆದಾಗಿರುತ್ತಿತ್ತು, ಸಂಜೆಯ ಹಾಲು ಇನ್ನೂ ಕರೆದಿರುತ್ತಿರಲಿಲ್ಲ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತು ನಾಲ್ಕೈದು ಪದ. ಯಾರಿಗಾಗಿಯೂ ಅಲ್ಲ. ಉಳಿದ ಇಪ್ಪತ್ತಮೂರೂವರೆ ಗಂಟೆ ಆ ಮನೆಯದು, ಈ ಅರ್ಧ ಗಂಟೆ ನನ್ನದು ಎಂದು ಲೆಕ್ಕ ಇಟ್ಟುಕೊಂಡಿದ್ದೆ. ಭಾವನವರು ಗೂಡು ತೋರಿಸಿದಾಗ ನನಗೆ ಎದೆ ಧಸಕ್ ಎಂದದ್ದು ವಾದ್ಯಕ್ಕಲ್ಲ, ಆ ಅರ್ಧ ಗಂಟೆಗೆ. ಒಂದು ಸಲ ಗಾಜಿನೊಳಗೆ ಹೋದ ವಸ್ತು ಆ ಮನೆಯಲ್ಲಿ ಹೊರಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಬೀಗದ ಕೈ ಭಾವನವರ ಉಡಿದಾರದಲ್ಲಿರುತ್ತಿತ್ತು.

"ತಂತಿ ಹಾಕಿಸಿದರೆ ನುಡಿಯುತ್ತೆ ಭಾವ" ಎಂದೆ.

"ಆಗ್ಲಿ. ಸೀಳನೆರೆಯೋರು ಹೆಣ್ ನೋಡಕ್ ಬರೋಗಂಟ ನೋಡ್ತೀನಿ. ಅಷ್ಟರಲ್ಲಿ ನುಡುದ್ರೆ ನಿಂದು. ಇಲ್ದಿದ್ರೆ ಸೋಕೇಸ್ದು" ಎಂದರು. ಶೀಳನೆರೆಯಿಂದ ಅವರ ದೊಡ್ಡ ಮಗಳನ್ನು ನೋಡಲು ಬರುವವರಿದ್ದರು. ಇನ್ನು ಎರಡು ತಿಂಗಳಿತ್ತು. ಆದರೂ ಮಾರನೆಯ ದಿನವೇ ಬಡಗಿಯನ್ನು ಕರೆಸಿ ಆ ಗೂಡಿನೊಳಗೆ ಎರಡು ಹಿತ್ತಾಳೆ ಕೊಕ್ಕೆ ಹೊಡೆಸಿದರು. ಅವರ ನಂಬಿಕೆ ಎಷ್ಟು ಗಟ್ಟಿಯಾಗಿತ್ತು ಎಂದರೆ ಕೊಕ್ಕೆಗೆ ಪಾಲಿಶ್ ಕೂಡ ಹಾಕಿಸಿದ್ದರು.

ಆಗ ನಮ್ಮ ಜಗಲಿಯ ಕೋಣೆಯಲ್ಲಿ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಇಳಿದುಕೊಂಡಿದ್ದರು. ನಾಗಮಂಗಲದ ಕಡೆಯವರು. ಭಾವನವರೂ ಅವರ ಸ್ನೇಹಿತರೂ ಸೇರಿ ಪೌರಾಣಿಕ ನಾಟಕ ಆಡುವವರಿದ್ದರು. ಪದ ಕಲಿಸಲು ಮೇಷ್ಟ್ರನ್ನು ಕರೆಸಿದ್ದರು. ಭಾವನವರದ್ದು ಧರ್ಮರಾಯನ ಪಾತ್ರ. ಅಡುಗೆಮನೆಯಲ್ಲಿ ಉಪ್ಪು ಕಮ್ಮಿಯಾದರೆ ತಟ್ಟೆ ನೂಕುವವರು ದಿನಾ ಸಂಜೆ ಸಹನೆಯ ಮೇಲೆ ಕಂದ ಹಾಡುತ್ತಿದ್ದರು. ನಾನೂ ಅಕ್ಕನೂ ಒಲೆಯ ಮುಂದೆ ಕೂತು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಅಕ್ಕ ಅಂದರೆ ಭಾವನವರ ಹೆಂಡತಿ, ನನ್ನ ಓರಗಿತ್ತಿ.

ಮೇಷ್ಟ್ರು ಕತ್ತಿಗೆ ಪೌಡರ್ ಬಳಿದುಕೊಳ್ಳುತ್ತಿದ್ದರು, ಮುಖಕ್ಕಲ್ಲ. ಎಡಗೈ ಕಿರುಬೆರಳಿನ ಉಗುರನ್ನು ಅಂಗುಲದಷ್ಟು ಬೆಳೆಸಿದ್ದರು. ಕಿವಿ ಕೆರೆದುಕೊಳ್ಳುವುದೊಂದು ಬಿಟ್ಟರೆ ಅದರಿಂದ ಬೇರೆ ಉಪಯೋಗವನ್ನು ನಾನು ನೋಡಲಿಲ್ಲ. ಭಾವನವರು ಯುಕುಲೇಲೆಯನ್ನು ಅವರ ತೊಡೆಯ ಮೇಲಿಟ್ಟರು. ಮೇಷ್ಟ್ರು ಕುಂಬಳಕಾಯಿ ಬಡಿದು ನೋಡುವಂತೆ ಅದರ ಬೆನ್ನಿಗೆ ಎರಡು ಬಡಿದರು.

"ಇದ್ಯಾವ್ ಮಹಾ ವಾದ್ಯ ಕಣಮ್ಮ. ಮ್ಯಾಂಡೊಲಿನ್ ಮರಿ. ಉಕ್ಕಿನ್ ತಂತಿ ಆಕುದ್ರೆ ಗಣಗಣ ಅಂತದೆ."

"ಇದಕ್ಕೆ ಉಕ್ಕು ಆಗಲ್ಲ ಮೇಷ್ಟ್ರೇ. ನೈಲಾನ್."

"ನೈಲಾನ್ ಸೀರೇಗಮ್ಮ" ಎಂದರು. ಭಾವನವರು ಹೋ ಎಂದು ನಕ್ಕರು.

ಸಂಚಿಯಿಂದ ಮೇಷ್ಟ್ರು ಉಕ್ಕಿನ ತಂತಿ ತೆಗೆದರು. ಉಳಿದಿದ್ದ ಒಂದೇ ಒಂದು ಹಳೆಯ ತಂತಿ ಮೊದಲನೆಯದು. ಅದನ್ನೂ ಬಿಚ್ಚಿ ಎಸೆಯಲು ಹೋದರು, ನಾನು ಕಿತ್ತುಕೊಂಡು ಬೆಂಕಿಪೊಟ್ಟಣದಲ್ಲಿ ಸುತ್ತಿಟ್ಟೆ. ತೆಳ್ಳಗಿನಿಂದ ದಪ್ಪಕ್ಕೆ ಸಾಲಾಗಿ ನಾಲ್ಕು ತಂತಿ ಎಳೆದರು. ನಾಲ್ಕನೆಯದು ಎಲ್ಲಕ್ಕಿಂತ ದಪ್ಪ.

"ಮೇಷ್ಟ್ರೇ, ಅದು ತೆಳ್ಳಗಿರಬೇಕು. ಅದು ಮೇಲಿನ ಪ."

"ಮೇಲಿನ್ ಪ ಮೇಲ್ಗಡೆ ಯಾಕಮ್ಮ ಬತ್ತದೆ? ಮಂದ್ರ ಕಣಮ್ಮ ಅದು. ನಿಮ್ ಸಿಸ್ಟ್ರು ತಪ್ಪೇಳ್ಕೊಟ್ಟವ್ರೆ. ಪಾಪ, ಅವ್ರಿಗೆ ಸುತಿ ಗ್ಯಾನ ಎಲ್ಲಿಂದ ಬತ್ತದೆ?"

ತಮ್ಮ ಹಾರ್ಮೋನಿಯಮ್ಮಿನ ಅರ್ಧ ಮನೆಗಳಿಗೆ, ಅಂದರೆ ಕೀಗಳಿಗೆ, ಉಸಿರಿಲ್ಲದೆ, ನುಡಿಯದ ಮನೆಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿಕೊಂಡವರು ಆಡಿದ ಮಾತು ಅದು. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಸುಮ್ಮನಿರುವುದನ್ನು.

ಉಕ್ಕಿನ ತಂತಿ ನಿಜಕ್ಕೂ ಗಣಗಣ ಎಂದಿತು. ಬಳೆ ಮಲಾರ ಮೆಟ್ಟಿಲ ಮೇಲಿಂದ ಉರುಳಿದರೆ ಹೇಗೋ ಹಾಗೆ. ಎರಡನೆಯ ದಿನ ಬೆಳಿಗ್ಗೆ ನೋಡಿದರೆ ತಂತಿಗಳನ್ನು ಕೆಳಗಡೆ ಹಿಡಿದಿಟ್ಟ ಮರದ ಪಟ್ಟಿ, ಸಂಗೀತದವರು ಕುದುರೆ ಎನ್ನುತ್ತಾರಲ್ಲ ಅದು, ಒಂದು ಬದಿಯಲ್ಲಿ ಎದ್ದಿತ್ತು. ಇನ್‌ಲ್ಯಾಂಡ್ ಲೆಟರಿನ ಅಂಚನ್ನು ಅದರಡಿಗೆ ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ಆಗಲೇ ಇಕ್ಕಳ ತಂದು ನಾಲ್ಕೂ ತಂತಿ ಕತ್ತರಿಸಿದೆ. ಬಡಗಿಯ ಹತ್ತಿರ ವಜ್ರದ ಅಂಟು ಕೇಳಿ ತಂದು ಅಂಟಿಸಿ, ಮೇಲೆ ರುಬ್ಬುವ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಹೇರಿ ಎರಡು ದಿನ ಬಿಟ್ಟೆ.

ಮೇಷ್ಟ್ರಿಗೆ ಹೇಳಿದಾಗ ಅವರು ಕಿವಿ ಕೆರೆಯುತ್ತಲೇ, "ಮರನೇ ಸರಿ ಇಲ್ಲ ಬುಡಿ. ಫಾರಿನ್ ಮರ, ನಮ್ ತಂತಿ ತಡೀನಿಲ್ಲ" ಎಂದರು.

ಅಂದಿನಿಂದ ನಾನೇ ತಂತಿ ಪರೀಕ್ಷೆ ಮಾಡುವುದೆಂದು ತೀರ್ಮಾನಿಸಿದೆ. ಒಂದು ಹಳೆಯ ಕಾಪಿ ಪುಸ್ತಕದ ಹಿಂಭಾಗದಲ್ಲಿ ಗೆರೆ ಹಾಕಿಕೊಂಡೆ. ಮೀಟಿದ ಮೇಲೆ ದನಿ ಎಷ್ಟು ಎಣಿಸುವವರೆಗೆ ನಿಲ್ಲುತ್ತದೆ, ಬೆಳಿಗ್ಗೆ ಬಿಗಿದ ತಂತಿ ಸಂಜೆಗೆ ಎಷ್ಟು ಇಳಿಯುತ್ತದೆ, ಬೆರಳಿಗೆ ಹೇಗಿದೆ. ಹೋಲಿಸಲು ಹಳೆಯ ಮೊದಲನೆಯ ತಂತಿಯನ್ನೇ ಅದರ ಜಾಗಕ್ಕೆ ಮತ್ತೆ ಕಟ್ಟಿದೆ. ಆ ತಂತಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಪ್ರೀತಿ. ಉಳಿದ ಮೂರು ಹಾಲಿನ ಬಣ್ಣದವು, ಅದು ಮಾತ್ರ ತಿಳಿ ಹಸಿರು. ನಾಲ್ಕರಲ್ಲಿ ಇಂಪಾದದ್ದೂ ಅದೇ. ಮೀಟಿದರೆ ಒಂಬತ್ತರವರೆಗೆ ಎಣಿಸಬಹುದಿತ್ತು. ಹಡಗಿನಲ್ಲಿ ಬಂದದ್ದು ಎಂದರೆ ಹೀಗಿರಬೇಕು ಎಂದುಕೊಳ್ಳುತ್ತಿದ್ದೆ.

ನಮ್ಮ ಯಜಮಾನರು ಕೆ.ಆರ್.ಎಸ್.ನ ನೀರಾವರಿ ಕಚೇರಿಯಲ್ಲಿದ್ದರು. ಒಳ್ಳೆಯವರು, ಅಣ್ಣನ ಮುಂದೆ ಮಾತ್ರ ಅವರ ಒಳ್ಳೆಯತನಕ್ಕೆ ನಾಲಿಗೆ ಇರುತ್ತಿರಲಿಲ್ಲ. ಕಚೇರಿಯ ಕ್ಲಬ್ಬಿನಿಂದ ಶಟಲ್ ಬ್ಯಾಟಿಗೆ ಹೆಣೆಯುವ ಗಟ್ಟನ್ನು ಒಂದು ಸುತ್ತು ತಂದುಕೊಟ್ಟರು. "ಇದೂ ನೈಲಾನೇ ಅಂತೆ ಕಣೇ" ಎಂದರು. ಕಟ್ಟಿದೆ. ಒಣಗಿದ ಹುರುಳಿಕಾಯಿ ಮುರಿದ ಹಾಗೆ ಟಕ್ ಎಂದು ನಿಂತಿತು. ಎರಡು ಎಣಿಸುವಷ್ಟರಲ್ಲಿ ದನಿ ಸತ್ತಿರುತ್ತಿತ್ತು. ಮೇಲೊಂದು ಜಿಡ್ಡು ಬೇರೆ. ಕ್ಲಬ್ಬಿನಲ್ಲಿ ಆಡುವವರ ಆಟವೂ ಹೀಗೇ ಇದ್ದೀತು ಎಂದುಕೊಂಡು ಬಿಚ್ಚಿದೆ. ಅದು ಆಮೇಲೆ ಬಟ್ಟೆ ಒಣಗಿಸಲು ಬಂತು.

ಮುಂದಿನ ತಿಂಗಳು ಅವರೇ ಮೈಸೂರಿಗೆ ಹೋಗಿ ಗಿಟಾರಿನ ನೈಲಾನ್ ತಂತಿಯ ಪೊಟ್ಟಣ ತಂದರು. ಆರು ತಂತಿ. ಮೂರಕ್ಕೆ ಬೆಳ್ಳಿ ಬಣ್ಣದ ಸುತ್ತು, ಅವು ನಮಗೆ ಬೇಡ. ಇನ್ನು ಮೂರು ಬರಿಯ ನೈಲಾನು. ಗಿಟಾರಿನ ತಂತಿ ಉದ್ದ, ನನ್ನ ವಾದ್ಯ ಗಿಡ್ಡ, ಆದ್ದರಿಂದ ತೆಳ್ಳನೆಯದನ್ನು ಕತ್ತರಿಸಿ ಎರಡು ಮಾಡಿ ಮೊದಲಿಗೂ ನಾಲ್ಕಕ್ಕೂ ಕಟ್ಟಿದೆ. ಇದು ಪರವಾಗಿರಲಿಲ್ಲ. ಆರು ಎಣಿಸಬಹುದಿತ್ತು. ಆದರೆ ದಪ್ಪ ತಂತಿ, ಅದೇ ಸ, ಕಂಬಳಿ ಹೊದ್ದು ಮಾತಾಡಿದ ಹಾಗಿತ್ತು. ಮೊದಲನೆಯದು ಹಳೆಯ ಹಸಿರು ತಂತಿಯ ಕಾಲ ಧೂಳಿಗೂ ಸಮವಲ್ಲ ಎನಿಸಿತು.

ಹಿತ್ತಿಲಿನಲ್ಲಿ ನುಡಿಸುತ್ತಿದ್ದಾಗ ಭಾವನವರು ಹಲ್ಲುಕಡ್ಡಿ ಕಚ್ಚಿಕೊಂಡು ಬಂದು ನಿಂತರು.

"ಎಲ್ಲವ್ವ ಸಬ್ದ?"

"ಬರ್ತಾ ಇದೆಯಲ್ಲ ಭಾವ."

"ನಂಗೇನೂ ಕೇಳ್ತಿಲ್ಲ. ಸೊಳ್ಳೆ ಗುಂಯ್ ಅಂದಂಗ್ ಆಯ್ತದೆ. ಇನ್ನು ಇಪ್ಪತ್ ದಿನ ಅದೆ ನೋಡವ್ವ" ಎಂದು, ಆಕಳಿಸಿ ಹೋದರು.

ಜಮಾದಾರನಂತೆ ಕೂಗಿದರೆ ಮಾತ್ರ ಶಬ್ದ ಎಂದು ತಿಳಿದವರಿಗೆ ಏನು ಹೇಳುವುದು! ಆದರೂ ಒಂದು ಮಾತು ಒಪ್ಪಬೇಕು. ಆ ತಂತಿಗೆ ನಾನು ಒಗ್ಗಿಕೊಂಡಿದ್ದರೆ ಅರ್ಧ ಗಂಟೆ ಅಂದೇ ಉಳಿಯುತ್ತಿತ್ತೇನೋ. ನನಗೂ ಜಂಬ. ಸಿಸ್ಟರ್ ಕೊಟ್ಟ ಫಾರಿನ್ ತಂತಿಯಂಥದೇ ಬೇಕು, ಮೈಸೂರಿನದು ನನ್ನ ಬೆರಳಿಗೆ ತಕ್ಕದ್ದಲ್ಲ. ಗಿಟಾರಿನ ತಂತಿಯನ್ನೂ ಬಿಚ್ಚಿದೆ.

ಹೆಣ್ಣು ನೋಡುವವರು ಬರಲು ಹತ್ತು ದಿನವಿದೆ ಎನ್ನುವಾಗ ಅಕ್ಕನೂ ನಾನೂ ಬಳೆ, ರಿಬ್ಬನ್ನು, ಅದೂ ಇದೂ ತರಲು ಶ್ರೀರಂಗಪಟ್ಟಣಕ್ಕೆ ಹೋದೆವು. ಬೆಂಕಿಪೊಟ್ಟಣದಲ್ಲಿ ಹಸಿರು ತಂತಿಯನ್ನು ಸುತ್ತಿಟ್ಟುಕೊಂಡಿದ್ದೆ. ಯಾರಾದರೂ ತಿಳಿದವರು ಸಿಕ್ಕರೆ ಇಂಥದ್ದು ಎಲ್ಲಿ ತರಿಸಬಹುದೆಂದು ಕೇಳುವ ಆಸೆ. ಫ್ಯಾನ್ಸಿ ಸ್ಟೋರಿನವನಿಗೆ ತೋರಿಸಿದೆ; ಅವನು ಮೂಗಿನ ಹತ್ತಿರ ಹಿಡಿದು ಮೂಸಿದ. ತಂತಿಯನ್ನು ಮೂಸಿ ನೋಡುವವನಿಗೆ ಇನ್ನೇನು ಕೇಳುವುದೆಂದು ಹೊರಟೆ.

ಅಕ್ಕನಿಗೆ ಬಾವಿಯ ಹಗ್ಗ ಬೇಕಿತ್ತು. ಪೇಟೆಯಲ್ಲಿ ಹಗ್ಗ, ಬಲೆ, ಗಾಳ ಮಾರುವ ಒಂದು ಇಕ್ಕಟ್ಟಾದ ಅಂಗಡಿ. ಅಂಗಡಿಯವರು ಬಿಳಿಗಡ್ಡದ ಸಾಹೇಬರು, ಕಣ್ಣಿಗೆ ದಪ್ಪ ಕನ್ನಡಕ, ಅದರ ಒಂದು ಕಾಲಿಗೆ ದಾರ ಸುತ್ತಿತ್ತು. ಸುತ್ತಿದ ರೀತಿ ಎಷ್ಟು ಅಚ್ಚುಕಟ್ಟೆಂದರೆ ಒಂದರ ಮೇಲೊಂದು ಎಳೆ ಏರಿರಲಿಲ್ಲ. ಅಕ್ಕ ಹಗ್ಗ ಜಗ್ಗಿ ನೋಡುತ್ತಿದ್ದಾಗ ಅವರು ನನ್ನ ಕೈಯ ಬೆಂಕಿಪೊಟ್ಟಣ ನೋಡಿದರು.

"ಏನ್ ಬೇಟಿ ಅದು?"

"ಏನಿಲ್ಲ. ಇದು ಇಲ್ಲಿ ಸಿಗೋದಲ್ಲ ಬಿಡಿ" ಎಂದೆ. ಎಂಥ ದನಿಯಲ್ಲಿ ಅಂದೆನೋ, ಈಗಲೂ ಕಿವಿಯಲ್ಲಿದೆ.

ಅವರು ಕೈ ಚಾಚಿದರು. ಕೊಟ್ಟೆ. ತಂತಿಯನ್ನು ಬಿಸಿಲಿಗೆ ಹಿಡಿದರು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊರಳಿಸಿದರು, ತುದಿಯನ್ನು ಮುಂಬಲ್ಲಿನಲ್ಲಿ ಮೆಲ್ಲಗೆ ಕಚ್ಚಿದರು.

"ಅರೆ, ಯೇ ತೋ ತಂಗೂಸಿ! ಅರವತ್ ನಂಬರು. ಪುರಾನಾ ಮಾಲು."

ತಂಗೂಸಿ ಎಂದರೆ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ.

"ಇಲ್ಲ ಸಾಹೇಬರೆ, ಇದು ಫಾರಿನ್‌ದು. ವಾದ್ಯದ ತಂತಿ. ಹಡಗಲ್ಲಿ ಬಂದಿದ್ದು."

"ಮೀನಿಗೆ ಫಾರಿನ್ನು ಇಂಡ್ಯಾ ಎಲ್ಲಾ ಒಂದೇ ಅಲ್ವಾ ಅಮ್ಮಾ" ಎಂದು ನಗುತ್ತ ಹಿಂದಿನ ಹಲಗೆಯಿಂದ ಒಂದು ಸುತ್ತು ತೆಗೆದರು. ಗೇಣುದ್ದ ಬಿಚ್ಚಿ ನನ್ನ ತಂತಿಯ ಪಕ್ಕಕ್ಕೆ ಹಿಡಿದರು. ಅದೇ ಗಾತ್ರ. ಅದೇ ತಿಳಿ ಹಸಿರು. ಹೊಸದು ಸ್ವಲ್ಪ ಹೊಳೆಯುತ್ತಿತ್ತು, ಅಷ್ಟೇ.

ಅಕ್ಕ ಹಗ್ಗ ಕೆಳಗೆ ಬಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಯ್ಯೋ ನಮ್ಮವ್ವ! ಇಷ್ಟ್ ದಿನ ಗಾಳ ನುಡುಸ್ತಿದ್ದೇನೆ ನೀನು?"

ಆಗ ನೆನಪಾಯಿತು. ಹಾಸ್ಟೆಲಿನ ಕಾವಲುಗಾರ ಭಾನುವಾರ ಗಾಳ ಹಿಡಿದು ಕೆರೆಗೆ ಹೋಗುತ್ತಿದ್ದ. ಒಂದು ದಿನ ಸಿಸ್ಟರ್ ಗೇಟಿನ ಹತ್ತಿರ ನಿಂತು ಅವನಿಂದ ಏನನ್ನೋ ಇಸಿದುಕೊಂಡು ನಿಲುವಂಗಿಯ ತೋಳಿನೊಳಗೆ ಸೇರಿಸಿದ್ದನ್ನು ಕಂಡಿದ್ದೆ. ಏನೋ ಗುಟ್ಟು ಎಂದು ಗೆಳತಿಯರಿಗೆಲ್ಲ ಹೇಳಿ ಮಜಾ ತೆಗೆದುಕೊಂಡಿದ್ದೆ. ಮೊದಲನೆಯ ತಂತಿ ಕಿತ್ತಿರಬೇಕು, ಆ ಬಡ ಮುದುಕಿ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡಿರಬೇಕು. ಹಡಗಿನಲ್ಲಿ ಬಂದ ಮೂರು ತಂತಿಗಳು ಕಿತ್ತುಹೋಗಿದ್ದವು. ನಾನು ಇಷ್ಟು ವರ್ಷ ಇಂಪು ಇಂಪು ಎಂದು ಕಣ್ಣು ಮುಚ್ಚುತ್ತಿದ್ದದ್ದು ಕಾವಲುಗಾರನ ಗಾಳದ ದಾರಕ್ಕೆ. ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರ ನೋಡಿ ಶೋಕೇಸಿನಲ್ಲಿಟ್ಟ ಭಾವನವರಿಗೂ ನನಗೂ ಏನು ವ್ಯತ್ಯಾಸ? ಅವರ ಶೋಕೇಸಿಗೆ ಗಾಜಿತ್ತು.

ಸಾಹೇಬರಿಗೆ ವಾದ್ಯದ ವಿಷಯ ಪೂರ್ತಿ ಹೇಳಿದೆ. ನಾಲ್ಕನೆಯದು ತೆಳ್ಳಗೆ ಎಂದಾಗ ಅವರು ಯಾಕೆ ಎಂದು ಕೇಳಲಿಲ್ಲ, ಸಿಸ್ಟರಿಗೆ ಶ್ರುತಿಜ್ಞಾನವಿಲ್ಲ ಎನ್ನಲಿಲ್ಲ. "ಅಚ್ಛಾ" ಎಂದು ನಾಲ್ಕು ಸುತ್ತು ತೆಗೆದರು. ಮೊದಲಿಗೆ ಅರವತ್ತು, ಎರಡಕ್ಕೆ ಎಂಬತ್ತು, ಮೂರಕ್ಕೆ ನೂರು, ನಾಲ್ಕಕ್ಕೆ ಎಪ್ಪತ್ತು. ಒಂದೊಂದನ್ನೂ ಎರಡು ಮಾರಿನಂತೆ ಕತ್ತರಿಸಿದರು. "ಗಂಟು ಜಾರ್ತದೆ ಬೇಟಿ. ಮೂರ್ ಸುತ್ತು ಹಾಕಿ, ಎಂಜಲು ಮಾಡಿ ಎಳೀಬೇಕು. ಒಣಾ ಎಳದ್ರೆ ಸುಟ್ಟೋಗ್ತದೆ" ಎಂದು ಹಗ್ಗದ ಮೇಲೆ ಗಂಟು ಹಾಕಿ ತೋರಿಸಿದರು. ಆ ಎರಡು ತಿಂಗಳಲ್ಲಿ ತಂತಿಯ ಬಗ್ಗೆ ತಿಳಿದು ಮಾತಾಡಿದವರು ಅವರೊಬ್ಬರೇ.

ಕಟ್ಟಿದ ದಿನ ಎಂಟು ಎಣಿಸಿದೆ. ಮೂರನೆಯದಕ್ಕೂ ಕಂಬಳಿ ಹೊದ್ದ ದನಿ ಇರಲಿಲ್ಲ. ಆದರೆ ತಂಗೂಸಿಗೆ ಒಂದು ಚಾಳಿ: ಹೊಸದರಲ್ಲಿ ಎಳೆಯುತ್ತಲೇ ಹೋಗುತ್ತದೆ. ಬೆಳಿಗ್ಗೆ ಕೂಡಿಸಿದ ಶ್ರುತಿ ಅನ್ನ ಬಸಿಯುವಷ್ಟರಲ್ಲಿ ಇಳಿದಿರುತ್ತಿತ್ತು. ಒಂದು ವಾರ ನಾನು ಹೋಗುತ್ತಾ ಬರುತ್ತಾ ತಂತಿ ಬಿಗಿಯುವ ಬಿರಡೆ ತಿರುವಿದೆ. ಸಾರಿಗೆ ಒಗ್ಗರಣೆ ಹಾಕಿ ಒಂದು ಸಲ, ಕರುವಿಗೆ ಹುಲ್ಲು ಹಾಕಿ ಒಂದು ಸಲ. ಭಾವನವರು ಸರಿಯಾಗಿ ಇಳಿದಾಗಲೇ ಬಂದು ಮೀಟಿ, "ನೋಡ್ದಾ, ಇದು ಸೋಕೇಸ್ ಗಿರಾಕಿನೇ" ಎನ್ನುತ್ತಿದ್ದರು. ಎಂಟನೆಯ ದಿನಕ್ಕೆ ಅದು ನಿಂತಿತು. ಹಾಗೆ ಹೇಳಲು ಹೋದರೆ ಅವರು ತೋಟಕ್ಕೆ ಹೋಗಿದ್ದರು.

ಶೀಳನೆರೆಯವರು ಬರುವ ದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಭಾವನವರು ಟ್ರಂಕಿನಿಂದ ಯುಕುಲೇಲೆ ತೆಗೆದು ಹಿತ್ತಾಳೆ ಕೊಕ್ಕೆಗೆ ನೇತುಹಾಕಿ, ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡಿದ್ದರು. ಕುತ್ತಿಗೆಗೆ ಒಂದು ಜರಿಯ ಹಾರ ಬೇರೆ. ನಾನು ಒದ್ದೆ ತಲೆಯಲ್ಲೇ ಗಾಜಿನ ಮುಂದೆ ನಿಂತೆ.

"ನುಡಿಯುತ್ತೆ ಭಾವ. ನೀವು ಹೇಳಿದ ಮಾತು..."

"ಇವತ್ತೊಂದಿನ ಇರ್ಲಿ ಬುಡವ್ವ, ಆಮೇಕ್ ನೋಡನ" ಎಂದರು. ಅವರ 'ಆಮೇಕ್' ನನಗೆ ಗೊತ್ತಿತ್ತು. ಅಕ್ಕನ ಹೊಲಿಗೆ ಮೆಷಿನ್ನು ಭಾವನವರ ತಂಗಿಯ ಮನೆಗೆ ಹೋದದ್ದೂ ಅದೇ ಮಾತಿನ ಮೇಲೆ.

ಹತ್ತು ಜನ ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗನ ಅಜ್ಜಿ ಎಲ್ಲರಿಗಿಂತ ಮುಂದೆ ಶೋಕೇಸಿನ ಎದುರಿಗೆ ಕೂತಿದ್ದರು. ಎಲೆಅಡಿಕೆ ಮೆಲ್ಲುತ್ತ ದ್ರಾಕ್ಷಿ ನೋಡಿದರು, ತಾಜಮಹಲು ನೋಡಿದರು, ಯುಕುಲೇಲೆಯ ಹತ್ತಿರ ಕಣ್ಣು ನಿಲ್ಲಿಸಿದರು.

"ಅದೇನಪ್ಪ ಅದು, ನುಡಿತದ?"

"ನುಡೀತದೆ ಕಣಮ್ಮ!" ಎಂದುಬಿಟ್ಟರು ಭಾವನವರು. ಬೀಗರಾಗುವವರ ಮುಂದೆ ಇಲ್ಲ ಎನ್ನುವ ವಸ್ತುವೇ ಅವರ ಮನೆಯಲ್ಲಿರಲಿಲ್ಲ.

"ಅಂಗಾರೆ ನುಡುಸ್ರಿ, ಕೇಳನ."

ಭಾವನವರು ಉಡಿದಾರದಿಂದ ಬೀಗದ ಕೈ ಬಿಚ್ಚಿದರು. ಮನೆಗೆ ಘನತೆ ಬರಲೆಂದು ಮೇಷ್ಟ್ರನ್ನೂ ಶಲ್ಯ ಹೊದಿಸಿ ಕೂರಿಸಿದ್ದರು. ವಾದ್ಯ ಅವರ ಕೈಗೇ ಹೋಯಿತು. ಮೇಷ್ಟ್ರು ಒಮ್ಮೆ ಮೀಟಿದರು. ನಾಲ್ಕನೆಯ ತಂತಿ ಮೇಲಿನ ಪಂಚಮದಲ್ಲಿ ನುಡಿಯಿತು. ಅವರ ಹುಬ್ಬು ಗಂಟಾಯಿತು. "ಇದು ತಪ್ಪಾಗದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅದನ್ನು ಮಂದ್ರಕ್ಕೆ ತರಲು ಬಿರಡೆ ಸಡಿಲಿಸಿದರು. ಇನ್ನೂ ಸಡಿಲಿಸಿದರು. ತೆಳ್ಳನೆಯ ತಂಗೂಸಿ ಬಟ್ಟೆ ಒಣಗಿಸುವ ದಾರದಂತೆ ಜೋತುಬಿತ್ತು. ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಹಾಕಿ ಮೀಟಿದರು. ಅದು ಮರಕ್ಕೆ ಬಡಿದು ಪಟಪಟ ಎಂದಿತು. ಮತ್ತೆ ಮೀಟಿದರು, ಮತ್ತೆ ಪಟಪಟ.

"ಇದೇನ್ ಮೇಷ್ಟ್ರೇ, ಕಪ್ಪೆ ಒಟಗುಟ್ದಂಗ್ ಆಯ್ತದೆ?" ಎಂದರು ಅಜ್ಜಿ.

ಹುಡುಗನ ಕಡೆಯವರು ನಕ್ಕರು. ಭಾವನವರ ಮುಖ ಧರ್ಮರಾಯ ದಾಯ ಸೋತಾಗಿನಂತಾಯಿತು. ನಾಟಕದಲ್ಲಿ ಆ ಮುಖ ಅವರಿಗೆ ಒಂದು ದಿನವೂ ಬಂದಿರಲಿಲ್ಲ.

ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟು ಹೋಗಿ, "ಕೊಡಿ ಇಲ್ಲಿ" ಎಂದೆ. ಮೇಷ್ಟ್ರು ಕೊಟ್ಟರು. ಜರಿಯ ಹಾರ ತೆಗೆದು ತಾಜಮಹಲಿನ ಮೇಲಿಟ್ಟೆ. ನಾಲ್ಕನೆಯ ತಂತಿ ಏರಿಸಿದೆ. ನೆಲದ ಮೇಲೆ ಕೂತು, ಸಿಸ್ಟರ್ ಕಲಿಸಿದ್ದ ಒಂದು ಸಣ್ಣ ಪದ ನುಡಿಸಿದೆ, ಎರಡು ಸಲ. ತಂಗೂಸಿ ಶ್ರುತಿ ಬಿಡಲಿಲ್ಲ.

ಅಜ್ಜಿ ಎಲೆಅಡಿಕೆಯನ್ನು ದವಡೆಯ ಒಂದು ಕಡೆಗೆ ಸರಿಸಿ, "ಇಷ್ಟ್ ಚೆಂದಾಗ್ ನುಡಿಯೋದ್ನ ಗಾಜ್ನೊಳಿಕ್ ಮಡಗಿ ಯಾಕಪ್ಪ ಬೀಗ ಆಕಿದ್ದೆ? ಆ ಮಗೀನ್ ಕೈಲೇ ಇರ್ಲಿ" ಎಂದರು.

"ಅದೇ ಕಣಮ್ಮ ನಾನೂ ಏಳ್ತಿದ್ದುದ್ದು. ಎಷ್ಟೇಳುದ್ರೂ ಕೇಳ್ದೆ ಸೋಕೇಸ್ಗೇ ಆಕ್ತಳೆ" ಎಂದರು ಭಾವನವರು.

ಅಕ್ಕನ ಕೈಯಲ್ಲಿ ಕಾಫಿ ಲೋಟಗಳು ಕಿಣಿಕಿಣಿ ಎಂದವು.

ಹೀಗೆ ವಾದ್ಯ ನನಗೆ ಉಳಿಯಿತು, ಸಂಬಂಧವೂ ಕುದುರಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಭಾನುವಾರ ಭಾವನವರು ಸೊಸೈಟಿಯ ನಾಲ್ಕು ಜನರನ್ನು ಕರೆದುಕೊಂಡು ಬಂದರು. "ಎಲ್ಲವ್ವ, ಎರಡ್ ಪದ ಬಾರ್ಸು, ಕೇಳ್ಲಿ" ಎಂದರು. ಅದರ ಮುಂದಿನ ವಾರ ಬಾಬುರಾಯನಕೊಪ್ಪಲಿನಿಂದ ಟ್ರಾಕ್ಟರು ನೋಡಲು ಬಂದವರು. ಅವರು ಟ್ರಾಕ್ಟರು ನೋಡಿ, ಎಮ್ಮೆ ನೋಡಿ, ನನ್ನನ್ನು ಕೇಳಿ ಹೋದರು. ಗೂಡಿನಿಂದ ತಪ್ಪಿಸಿಕೊಂಡದ್ದು ಯುಕುಲೇಲೆ ಒಂದೇ. ಆ ಖಾಲಿ ಕೊಕ್ಕೆಗೆ ಭಾವನವರು ನನ್ನನ್ನು ತಗುಲಿಹಾಕಿದ್ದರು.

ಮೂರನೆಯ ಸಲ ಅವರು ಕರೆದಾಗ ನಾನು ಒಳಗೆ ಹೋಗಿ, ಟ್ರಂಕಿನ ಮುಂದೆ ಒಂದು ಗಳಿಗೆ ಕೂತು, ನಾಲ್ಕನೆಯ ಬಿರಡೆಯನ್ನು ಮೂರು ಸುತ್ತು ಹಿಂದಕ್ಕೆ ತಿರುವಿಕೊಂಡು ಬಂದೆ. ಮೀಟಿದೆ. ಪಟಪಟ.

"ತಂತಿ ಹೊಸದು ಭಾವ. ಎಳೆಯುತ್ತೆ. ನಿಲ್ಲಬೇಕಾದರೆ ವಾರ ಬೇಕು."

"ಮೊನ್ನೆ ನಿಂತಿತ್ತಲ್ಲವ್ವ?"

"ಅದು ಬೇರೆ ತಂತಿ."

ತಂತಿಯ ವಿಷಯದಲ್ಲಿ ಅವರು ಇನ್ನು ಮಾತಾಡುವ ಹಾಗಿರಲಿಲ್ಲ. ಮೇಷ್ಟ್ರ ಪಟಪಟವನ್ನು ಅವರು ಮರೆತಿರಲಿಲ್ಲ. ಬಂದವರಿಗೆ ತಾಜಮಹಲಿನ ಬಲ್ಬು ಹಾಕಿ ತೋರಿಸಿ ಕಳಿಸಿದರು.

ಆಮೇಲೆ ಆ ಮನೆಯಲ್ಲಿದ್ದಷ್ಟು ವರ್ಷವೂ ನನ್ನ ತಂತಿ ಹೊಸದಾಗಿಯೇ ಇತ್ತು. ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ಸಾಹೇಬರ ಅಂಗಡಿಗೆ ಹೋಗುತ್ತಿದ್ದೆ. ನಂಬರು ಹೇಳುವ ಮೊದಲೇ ನಾಲ್ಕು ಸುತ್ತು ಇಳಿಯುತ್ತಿದ್ದವು. ಖಾಲಿ ಕೊಕ್ಕೆಗಳಿಗೆ ಭಾವನವರು ಪ್ಲಾಸ್ಟಿಕ್ ಮಾವಿನಕಾಯಿ ಗೊಂಚಲು ತಂದು ತೂಗುಹಾಕಿದರು. ನಾಲ್ಕರಿಂದ ನಾಲ್ಕೂವರೆಯವರೆಗೆ ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ನುಡಿಸುತ್ತಿದ್ದರೆ ಅಕ್ಕ ಅಲ್ಲೇ ಅವರೆಕಾಯಿ ಸುಲಿಯುತ್ತ, ಕಿವಿಯನ್ನು ಮಾತ್ರ ಬೀದಿಯ ಕಡೆಗೆ ಇಟ್ಟಿರುತ್ತಿದ್ದಳು. ಭಾವನವರ ಮೋಟಾರ್ ಬೈಕಿನ ಹಿಂದೆ ಇನ್ನೊಂದು ಗಾಡಿಯ ಸದ್ದು ಕೇಳಿಸಿದರೆ ತಲೆ ಎತ್ತದೆ ಹೇಳುತ್ತಿದ್ದಳು:

"ಜನ ಕರ್ಕಂಡ್ ಬತ್ತಾವ್ರೆ. ಸಡ್ಲ ಮಾಡೇ."

ನಾನು ನಾಲ್ಕನೆಯ ತಂತಿಯನ್ನು ಮೇಷ್ಟ್ರು ಹೇಳಿದ ಮಂದ್ರಕ್ಕೆ ಇಳಿಸುತ್ತಿದ್ದೆ.